ಯಾವ ಓಟಿಗೆ ಯಾವ ಪ್ರಶ್ನೆ?

ನನ್ನ ಸ್ನೇಹಿತರೊಬ್ಬರು ಜಯನಗರದಲ್ಲಿದ್ದಾರೆ. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಓದಿ ತಿಳಿದವರು. ಬೆಳಿಗ್ಗೆ ಎರಡು ಪತ್ರಿಕೆ ಓದದೆ ಸ್ನಾನವಿಲ್ಲ, ರಾತ್ರಿ ಮೂರು ವಾಹಿನಿ ನೋಡದೆ ಊಟವಿಲ್ಲ. ಈಚೆಗೆ ಕಬ್ಬಾಳಮ್ಮನ ದರ್ಶನಕ್ಕೆಂದು ಹೊರಟವರು ದಾರಿಯಲ್ಲಿ ಕನಕಪುರದ ನಮ್ಮ ಮನೆಗೂ ಬಂದರು. ಜಗಲಿಯ ಮೇಲೆ ಕಾಫಿ ಕುಡಿಯುತ್ತಿರುವಾಗ ಮಾತು ಚುನಾವಣೆಯ ಕಡೆಗೆ ತಿರುಗಿತು.

“ನಿಮ್ಮ ಕಡೆಯವರಿಗೆ ವಿಷಯ ಎಲ್ಲಿ ಬೇಕು ಮೇಷ್ಟ್ರೆ? ಜಾತಿ ಒಂದು, ನೋಟು ಒಂದು. ಇವೆರಡೂ ಕೂಡಿಬಂದರೆ ಓಟು ಬಿತ್ತು. ದೇಶದ ಪ್ರಶ್ನೆ, ನೀತಿಯ ಪ್ರಶ್ನೆ, ಇವೆಲ್ಲ ನಮ್ಮಂಥ ನಾಲ್ಕು ಜನರ ತಲೆನೋವು” ಎಂದರು.

ಮನೆಗೆ ಬಂದ ಅತಿಥಿಯೊಡನೆ ವಾದ ಮಾಡಬಾರದೆಂದು ಹಿರಿಯರು ಹೇಳಿದ್ದಾರೆ. ಸುಮ್ಮನಿದ್ದೆ. ಆದರೆ ಪತ್ರಿಕೆಯಲ್ಲಿ ಮಾಡಬಾರದೆಂದು ಯಾರೂ ಹೇಳಿಲ್ಲ. ಅಂದು ಜಗಲಿಯ ಮೇಲೆ ನುಂಗಿಕೊಂಡ ಮಾತುಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಸ್ನೇಹಿತರು ಈ ಪುರವಣಿಯನ್ನು ತಪ್ಪದೆ ಓದುವವರಾದುದರಿಂದ ಬೇರೆ ಕಾಗದ ಬರೆಯುವ ಖರ್ಚೂ ಉಳಿಯಿತು.

ಮೊದಲು ಜಾತಿಯ ಮಾತು. ಕನಕಪುರದಲ್ಲಿ ಜಾತಿಯ ಲೆಕ್ಕವೇ ಇಲ್ಲವೆಂದರೆ ನನ್ನ ಹೆಂಡತಿಯೇ ನಕ್ಕಾಳು. ಹಣ ಹಂಚುವುದಿಲ್ಲವೆಂದರೆ ಊರೇ ನಕ್ಕೀತು. ಆದರೆ ಜಾತಿಯೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವವರು ಈ ಊರಿನ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು. ಒಕ್ಕಲಿಗರೇ ಹೆಚ್ಚಾಗಿರುವ ಕ್ಷೇತ್ರ ಇದು. 1983ರಲ್ಲಿ ಮುಖ್ಯಮಂತ್ರಿಯಾಗಿಯೂ ವಿಧಾನಸಭೆಯ ಸದಸ್ಯರಾಗಿರದ ರಾಮಕೃಷ್ಣ ಹೆಗಡೆಯವರು, ಉತ್ತರ ಕನ್ನಡದ ಸಿದ್ದಾಪುರದ ಕಡೆಯ ಹವ್ಯಕ ಬ್ರಾಹ್ಮಣರು, ಉಪಚುನಾವಣೆಯಲ್ಲಿ ಗೆದ್ದು ಸಭೆಗೆ ಹೋದದ್ದು ಇದೇ ಕನಕಪುರದಿಂದ. ಮರಾಠ ಸಮಾಜದ ಪಿ. ಜಿ. ಆರ್. ಸಿಂಧ್ಯ ಅವರನ್ನು ಇದೇ ಕನಕಪುರ ಮತ್ತೆ ಮತ್ತೆ ಆರಿಸಿ ಕಳಿಸಿತು. 2004ರಲ್ಲಿ ಪ್ರಧಾನಮಂತ್ರಿಯಾಗಿದ್ದ ದೇವೇಗೌಡರಂಥವರೇ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ನಿಂತಾಗ, ಪತ್ರಕರ್ತೆಯಾಗಿದ್ದ ತೇಜಸ್ವಿನಿಯವರು ಅವರನ್ನು ಸೋಲಿಸಿದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಡಿ. ಕೆ. ಶಿವಕುಮಾರರಿಗೆ ಕನಕಪುರ 1 ಲಕ್ಷ 22 ಸಾವಿರಕ್ಕೂ ಮೀರಿದ ಅಂತರದ ಗೆಲುವು ಕೊಟ್ಟಿತು. ಒಂದೇ ವರ್ಷದ ಮೇಲೆ, 2024ರಲ್ಲಿ, ಈ ಕ್ಷೇತ್ರವನ್ನೂ ಒಳಗೊಂಡ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದ ಮತದಾರರು ಅವರ ತಮ್ಮಂದಿರನ್ನು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿ, ಹೃದ್ರೋಗತಜ್ಞ ಡಾ. ಸಿ. ಎನ್. ಮಂಜುನಾಥರನ್ನು ದೆಹಲಿಗೆ ಕಳಿಸಿದರು. ಜಾತಿ ಒಂದು ವರ್ಷದಲ್ಲಿ ಬದಲಾಗುವ ವಸ್ತುವಲ್ಲ. ಬದಲಾದದ್ದು ಯಾವುದೋ ಬೇರೆ. ಅದು ಯಾವುದೆಂದು ಹುಡುಕುವ ಶ್ರಮಕ್ಕೆ ಬದಲಾಗಿ ನನ್ನ ಸ್ನೇಹಿತರಂಥವರು “ಜಾತಿ” ಎಂಬ ಒಂದೇ ಮುದ್ರೆಯನ್ನು ಎಲ್ಲ ಕಾಗದಕ್ಕೂ ಒತ್ತುತ್ತಾರೆ.

ಇನ್ನು ಆ “ನಾಲ್ಕು ಜನರ ತಲೆನೋವಿ”ನ ಕಡೆ ನೋಡೋಣ. ಅದೇ 2024ರ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಜನ. ನಮ್ಮ ಗ್ರಾಮಾಂತರ ಕ್ಷೇತ್ರದಲ್ಲಿ ನೂರಕ್ಕೆ 68. ಬಿಸಿಲು ಇಬ್ಬರಿಗೂ ಒಂದೇ ಇತ್ತು. ನೀತಿಯ ಪ್ರಶ್ನೆಯಿಂದ ತಲೆನೋವು ಬಂದವರು ಮನೆಯಲ್ಲಿ ಮಲಗಿದ್ದರೋ ಏನೋ, ತಿಳಿಯದು.

ಸ್ನೇಹಿತರನ್ನು ಇಷ್ಟು ಕೆಣಕಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯ. ಯಾವ ವಿಷಯವನ್ನು ಮುಂದಿಟ್ಟುಕೊಂಡು ಮತ ಹಾಕಬೇಕೆಂಬುದರಲ್ಲಿ ನಾನೂ ವರ್ಷಗಟ್ಟಲೆ ಮೋಸಹೋದವನು. ನನ್ನನ್ನು ಮೋಸಗೊಳಿಸಿದ್ದು ರೈಲು.

ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೊಸ ರೈಲು ಮಾರ್ಗ ಮಂಜೂರಾದದ್ದು 1996–97ರಲ್ಲಿ. ಆಗ ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದೆ. ಕರಿಹಲಗೆಯ ಮೇಲೆ ಬೆಂಗಳೂರು ಜಿಲ್ಲೆಯ ನಕ್ಷೆ ಬರೆಯುವಾಗ, ಇನ್ನೂ ಹುಟ್ಟದ ಆ ಮಾರ್ಗವನ್ನು ಕೆಂಪು ಸುಣ್ಣದ ಕಡ್ಡಿಯಲ್ಲಿ ಎಳೆದು, “ಮುಂದಿನ ವರ್ಷ ಇದನ್ನು ಕಪ್ಪು ಗೆರೆಯಾಗಿ ಬರೆಯೋಣ” ಎಂದು ಹುಡುಗರಿಗೆ ಹೇಳಿದೆ. ಆ ಹುಡುಗರ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಕನಕಪುರಕ್ಕೆ ರೈಲು ಬರಲಿಲ್ಲ. ಈ ನಡುವೆ ಬಂದ ಮೂರು ವಿಧಾನಸಭಾ ಚುನಾವಣೆಗಳಲ್ಲಿ ನಾನು “ರೈಲು ತರುವವರು ಯಾರು?” ಎಂಬ ಒಂದೇ ಪ್ರಶ್ನೆಯಿಂದ ಮತ ಹಾಕಿದೆ. ಓಟು ಕೇಳಲು ಬಂದವರು ಮೂರು ಸಲವೂ ತರುತ್ತೇವೆಂದರು. ನಾನು ಮೂರು ಸಲವೂ ನಂಬಿದೆ.

ರೈಲ್ವೆ ಕೇಂದ್ರ ಸರಕಾರದ ಅಧೀನವೆಂದು ಮಕ್ಕಳಿಗೆ ಪೌರನೀತಿ ಪಾಠದಲ್ಲಿ ಹೇಳಿದವನು ನಾನೇ. ಪರೀಕ್ಷೆಯಲ್ಲಿ ಅದನ್ನು ತಪ್ಪಾಗಿ ಬರೆದವರಿಗೆ ಸೊನ್ನೆ ಕೊಟ್ಟವನೂ ನಾನೇ. ಆದರೆ ಮತಗಟ್ಟೆಗೆ ಹೋಗುವಾಗ ಆ ಪಾಠವನ್ನು ಶಾಲೆಯಲ್ಲೇ ಬಿಟ್ಟು ಹೋದೆ. ವಿಧಾನಸಭೆಗೆ ನಿಂತವರನ್ನು ನಾನು ಕೇಳಬಹುದಾಗಿದ್ದ ಪ್ರಶ್ನೆ ಬೇರೆ ಇತ್ತು: ಮಾರ್ಗಕ್ಕೆ ಬೇಕಾದ ಭೂಮಿಯನ್ನು ರಾಜ್ಯ ಕೊಡಿಸುತ್ತದೆಯೆ? ವೆಚ್ಚದಲ್ಲಿ ಪಾಲು ಹೊರುತ್ತದೆಯೆ? ನೀವು ಸಭೆಯಲ್ಲಿ ಅದನ್ನು ಎತ್ತುತ್ತೀರಾ? ಇದಕ್ಕೆ ಅವರು ಉತ್ತರ ಹೇಳಬೇಕಾಗುತ್ತಿತ್ತು. “ರೈಲು ತನ್ನಿ” ಎಂದದ್ದಕ್ಕೆ “ಆಗಲಿ” ಎಂದರೆ ಸಾಕಾಗಿತ್ತು.

ಆ ಮೂರು ಓಟುಗಳನ್ನು ಕಳೆದುಕೊಂಡು ಕಲಿತ ಮೊದಲ ಪಾಠ ಇದು. ವಿಷಯ ಎಷ್ಟು ದೊಡ್ಡದೆಂದು ಕೇಳುವ ಮುಂಚೆ, ಅದು ಯಾವ ಕುರ್ಚಿಯ ಕೈಗೆಟಕುತ್ತದೆ ಎಂದು ಕೇಳಬೇಕು. ಪಾರ್ಲಿಮೆಂಟಿನ ಓಟಿಗೆ ಒಂದು ಪ್ರಶ್ನೆ, ವಿಧಾನಸಭೆಯ ಓಟಿಗೆ ಇನ್ನೊಂದು, ಪಂಚಾಯಿತಿಯ ಓಟಿಗೆ ಮತ್ತೊಂದು. ಬೀಗದ ಕೈ ಎಷ್ಟು ಚೆನ್ನಾಗಿದ್ದರೂ ಪಕ್ಕದ ಮನೆಯ ಬೀಗ ತೆಗೆಯುವುದಿಲ್ಲ.

ಎರಡನೆಯ ಪಾಠವನ್ನು ಕಲಿಸಿದ್ದು ಮೇಕೆದಾಟು. ಇಲ್ಲಿ ನಾನು ಹೇಳುವುದು ನಮ್ಮ ತಾಲ್ಲೂಕಿನ ಅನೇಕರಿಗೆ ಹಿಡಿಸದು. ಆದರೂ ಹೇಳಬೇಕಾಗಿದೆ.

ಮೇಕೆದಾಟು ನಮ್ಮ ತಾಲ್ಲೂಕಿನದೇ. ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದಿಂದ ಕೆಲವೇ ಕಿಲೋಮೀಟರು ಕೆಳಗೆ ನದಿ ಬಂಡೆಗಳ ನಡುವೆ ಕಿರಿದಾಗಿ ಹರಿಯುವ ಜಾಗ. ಅಲ್ಲಿ ಸುಮಾರು 67 ಟಿ.ಎಂ.ಸಿ. ನೀರು ನಿಲ್ಲಿಸಿ, ಬೆಂಗಳೂರಿಗೆ ಕುಡಿಯುವ ನೀರನ್ನೂ 400 ಮೆಗಾವಾಟ್ ವಿದ್ಯುತ್ತನ್ನೂ ಪಡೆಯುವುದು ಯೋಜನೆ. 2019ರ ವರದಿಯಲ್ಲಿ ಅಂದಾಜು ಖರ್ಚು ಸುಮಾರು 9,000 ಕೋಟಿ ರೂಪಾಯಿ. ಮುಳುಗುವುದು ಸುಮಾರು 5,000 ಹೆಕ್ಟೇರು. ಅದರಲ್ಲಿ ಬಹುಪಾಲು ಕಾಡು, ಕಾವೇರಿ ವನ್ಯಧಾಮದ ಕಾಡು. 2018ರ ಫೆಬ್ರವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿ.ಎಂ.ಸಿ. ಹೆಚ್ಚಾಗಿ ಕೊಟ್ಟ ಮೇಲೆ ಯೋಜನೆಗೆ ಮತ್ತಷ್ಟು ಬಲ ಬಂತು. 2022ರ ಜನವರಿಯಲ್ಲಿ ಸಂಗಮದಿಂದಲೇ ಕಾಂಗ್ರೆಸ್ಸಿನ ಪಾದಯಾತ್ರೆ ಹೊರಟಿತು. ಆಗ ಅಧಿಕಾರದಲ್ಲಿದ್ದ ಭಾರತೀಯ ಜನತಾ ಪಕ್ಷವೂ ಯೋಜನೆ ನಮ್ಮದೇ ಎಂದಿತು. ಜನತಾ ದಳವೂ ನಮ್ಮದೇ ಎಂದಿತು.

ವಿಷಯ ಬಹು ದೊಡ್ಡದು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಕಾಡು ಉಳಿಯಬೇಕೆ, ಆನೆಗಳು ಎಲ್ಲಿಗೆ ಹೋಗಬೇಕು, ರಾಜಧಾನಿಗೆ ನೀರು ಬೇಡವೆ, ಇವೆಲ್ಲ ತೂಕದ ಪ್ರಶ್ನೆಗಳು. ಆದರೆ ಉಮೇದುವಾರನನ್ನು ಆರಿಸಲು ಕುಳಿತವನಿಗೆ ಈ ವಿಷಯ ಏನು ಸಹಾಯ ಮಾಡುತ್ತದೆ? ಎದುರಿಗೆ ನಿಂತಿರುವ ಮೂವರೂ “ಅಣೆಕಟ್ಟು ಕಟ್ಟಿಯೇ ತೀರುತ್ತೇವೆ” ಎನ್ನುತ್ತಾರೆ. ಮೂವರೂ ಒಂದೇ ಮಾತನ್ನು ಹೇಳುವಾಗ ಆ ಮಾತಿನಿಂದ ಮೂವರಲ್ಲಿ ಒಬ್ಬನನ್ನು ಆರಿಸುವುದು ಹೇಗೆ? ತಕ್ಕಡಿಯ ಎರಡು ತಟ್ಟೆಗೂ ಒಂದೇ ತೂಕದ ಕಲ್ಲು ಇಟ್ಟರೆ, ಕಲ್ಲು ಎಷ್ಟೇ ಭಾರವಾಗಿದ್ದರೂ ತಕ್ಕಡಿ ಅಲುಗುವುದಿಲ್ಲ. ಮುಖ್ಯವಾದ ವಿಷಯ ಬೇರೆ, ಆಯ್ಕೆಯನ್ನು ತೀರ್ಮಾನಿಸಬಲ್ಲ ವಿಷಯ ಬೇರೆ. ಓದಿದವರೂ ಈ ಎರಡನ್ನು ಒಂದೇ ಎಂದು ತಿಳಿದಿದ್ದಾರೆ. ಎಲ್ಲರೂ ಒಪ್ಪುವುದನ್ನೇ ದೊಡ್ಡ ಗಂಟಲಿನಲ್ಲಿ ಕೂಗುವುದು ಹುರಿಯಾಳುಗಳಿಗೆ ಬಹಳ ಸುಖದ ಕೆಲಸ. ಅದರಿಂದ ಒಂದು ಓಟೂ ಕಳೆಯುವುದಿಲ್ಲ.

ಹಾಗಾದರೆ ಕನಕಪುರದಲ್ಲಿ ತಕ್ಕಡಿಯನ್ನು ಅಲುಗಿಸಬಲ್ಲ ವಿಷಯ ಯಾವುದು? ಒಂದನ್ನು ಹೇಳುತ್ತೇನೆ. ಅದಕ್ಕೆ ನನ್ನ ಅಕ್ಕನ ಊರಿಗೆ ಹೋಗಬೇಕು.

ನನ್ನ ಅಕ್ಕ ಹಾರೋಬೆಲೆ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಎಪ್ಪತ್ತು ದಾಟಿದರೂ ರೇಷ್ಮೆ ಬಿಟ್ಟಿಲ್ಲ. ಹೋದ ಸಲ ನಾನು ಹೋದಾಗ ಹುಳು ನಾಲ್ಕನೆಯ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಆ ಹಂತದಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಹನಿದಂತೆ ಕೇಳುತ್ತದೆ, ಮನೆಯವರಿಗೆ ನಿದ್ರೆಯಿಲ್ಲ. ಸೊಪ್ಪು ಹರಡುತ್ತಲೇ ಅಕ್ಕ ಮಾತನಾಡಿದಳು.

“ಹೊಳೆ ನೀರು ನೋಡ್ಕಂಡ್ ಬಂದ್ಯಾ ತಮ್ಮಯ್ಯ? ನೊರೆ ನೊರೆಯಾಗಿ ಬತ್ತದೆ. ನಾನ್ ಮದುವೆಯಾಗಿ ಬಂದಾಗ ಆ ನೀರನ್ನ ಬೊಗಸೇಲಿ ಎತ್ಕಂಡ್ ಕುಡೀತಿದ್ದೊ. ಈಗ ಎಮ್ಮೆ ಇಳಿಸಕ್ಕೂ ಹೆದ್ರಿಕೆ.”

ಈ ನೊರೆಯ ಹುಟ್ಟೂರು ನನ್ನ ಸ್ನೇಹಿತರಿಗೆ ಚೆನ್ನಾಗಿ ಗೊತ್ತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ನಂಬಿದ್ದ ವೃಷಭಾವತಿ, ಬೆಂಗಳೂರಿನ ಅರ್ಧ ಊರಿನ ಕೊಳೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು, ಬಿಡದಿಯ ಬಳಿ ಭೈರಮಂಗಲದ ಕೆರೆಯನ್ನು ತುಂಬಿ, ನಮ್ಮ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡುತ್ತಾಳೆ. ಆ ನೀರು ಹಾರೋಬೆಲೆಯ ಜಲಾಶಯದಲ್ಲಿ ನಿಂತು, ಮುಂದೆ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ.

ಈಗ ಇದರ ಇನ್ನೊಂದು ತುದಿಯನ್ನು ನೋಡಿ. ಬೆಂಗಳೂರಿಗೆ ಕಾವೇರಿ ನೀರು ಹೋಗತೊಡಗಿದ್ದು 1974ರಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಮೇಲೆತ್ತಿ, ಹಾರೋಹಳ್ಳಿಯಲ್ಲಿ ಮತ್ತೆ ಎತ್ತಿ, ತಾತಗುಣಿಯಲ್ಲಿ ಇನ್ನೊಮ್ಮೆ ಎತ್ತಿ, ಸುಮಾರು 100 ಕಿಲೋಮೀಟರು ದೂರಕ್ಕೆ, ಸುಮಾರು 500 ಮೀಟರು ಎತ್ತರಕ್ಕೆ ನೀರು ಸಾಗಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಆರಂಭವಾಯಿತು. ದಿನಕ್ಕೆ ಇನ್ನೂ 77 ಕೋಟಿ ಲೀಟರಿಗೂ ಹೆಚ್ಚು. ಆ ದಪ್ಪ ಕೊಳವೆಗಳು ಹೋಗುವುದು ನಮ್ಮ ಕಣ್ಣ ಮುಂದೆಯೇ. ಒಳ್ಳೆಯ ನೀರು ನಮ್ಮ ಮಗ್ಗುಲಲ್ಲಿ ಮೇಲಕ್ಕೆ ಹೋಗುತ್ತದೆ. ಜಯನಗರದಲ್ಲಿ ಸ್ನಾನ ಮಾಡಿ, ರಾಜಾಜಿನಗರದಲ್ಲಿ ಬಟ್ಟೆ ಒಗೆದು ಮುಗಿದ ಮೇಲೆ ನಮ್ಮ ಹೊಳೆಯಲ್ಲಿ ಕೆಳಕ್ಕೆ ಬರುತ್ತದೆ. ಹೊಸ ಹಂತ ಬಂದಷ್ಟೂ ಮೇಲೆ ಹೋಗುವ ನೀರು ಹೆಚ್ಚುತ್ತದೆ. ಮೇಲೆಯೇ ಶುದ್ಧಿಮಾಡದಿದ್ದರೆ ಕೆಳಗೆ ಬರುವ ಕೊಳೆಯೂ ಅಷ್ಟೇ ಹೆಚ್ಚುತ್ತದೆ. ಇದಕ್ಕೆ ಪಂಚಾಂಗ ನೋಡಬೇಕಾಗಿಲ್ಲ.

ಮೇಕೆದಾಟು ಬೇಕೆನ್ನುವವರು ಇನ್ನೊಂದು ಮಾತನ್ನು ಯೋಚಿಸಬೇಕು. ಅಣೆಕಟ್ಟು ಕಟ್ಟಬೇಕಾದ ಜಾಗ ಸಂಗಮದಿಂದ ಕೆಳಗೆ. ಎಂದರೆ ಅಲ್ಲಿ ನಿಲ್ಲುವುದು ಕಾವೇರಿಯ ನೀರು ಮಾತ್ರವಲ್ಲ, ಅರ್ಕಾವತಿಯ ನೀರೂ ಹೌದು. ವೃಷಭಾವತಿಯನ್ನು ಹೀಗೆಯೇ ಬಿಟ್ಟು ಅಣೆಕಟ್ಟು ಕಟ್ಟಿದರೆ, ಬೆಂಗಳೂರು ತಾನು ಕೆಳಗೆ ಬಿಟ್ಟದ್ದನ್ನೇ ಸಾವಿರಾರು ಕೋಟಿ ಖರ್ಚುಮಾಡಿ ಮತ್ತೆ ಮೇಲಕ್ಕೆ ತರಿಸಿಕೊಂಡಂತಾಗುತ್ತದೆ. ಆದುದರಿಂದ ಅಣೆಕಟ್ಟಿನ ಪರವಾದವನೂ ವಿರೋಧಿಯೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹೊಳೆಯನ್ನು ಯಾವಾಗ ಶುದ್ಧಿ ಮಾಡುತ್ತೀರಿ?

ಈ ಪ್ರಶ್ನೆಗೆ ನಾನು ಮೊದಲ ಸ್ಥಾನ ಕೊಡುವುದಕ್ಕೆ ಕಾರಣ ನನ್ನ ಅಕ್ಕ ಅಲ್ಲ. ಹೊಳೆಯ ಶುದ್ಧಿಗೆ ಅಂತರರಾಜ್ಯ ವ್ಯಾಜ್ಯದ ತಡೆಯಿಲ್ಲ. ತಮಿಳುನಾಡು ಇದನ್ನು ಬೇಡವೆನ್ನುವುದಿಲ್ಲ. ಜಲಮಂಡಳಿ ರಾಜ್ಯದ್ದು, ಮಾಲಿನ್ಯ ನಿಯಂತ್ರಣ ಮಂಡಳಿ ರಾಜ್ಯದ್ದು, ಆಯವ್ಯಯ ರಾಜ್ಯದ್ದು. ವಿಧಾನಸಭೆಯ ಸದಸ್ಯನ ಕೈಗೆ ಎಟಕುವ ವಿಷಯ. ಮಾಡಿದ್ದನ್ನು ಅಳೆಯಲೂ ಬಹುದು; ನೊರೆ ಇದೆಯೋ ಇಲ್ಲವೋ ಎಂದು ಎಮ್ಮೆಯೂ ಹೇಳುತ್ತದೆ. ಮೂವರು ಹುರಿಯಾಳುಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿದರೆ ಮೂರು ಬೇರೆ ಉತ್ತರಗಳು ಬರುತ್ತವೆ. ಬೆಂಗಳೂರಿನ ಬಿಲ್ಡರಿಗೂ ಕಾರ್ಖಾನೆಯವನಿಗೂ ಯಾರು ಎಷ್ಟು ಹೆದರುತ್ತಾರೆಂಬುದು ಅಲ್ಲಿ ಹೊರಬೀಳುತ್ತದೆ. ತಕ್ಕಡಿ ಅಲುಗುವುದು ಅಲ್ಲಿ.

ಇದಕ್ಕೆ ಬದಲಾಗಿ ನಾವು ಈಚೆಗೆ ಏನನ್ನು ಚರ್ಚಿಸಿದೆವು? ಹೆಸರನ್ನು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಸಂಪುಟ ಅದನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದಿತು. ಒಬ್ಬರು ರಾಮನ ಹೆಸರು ಹೋಯಿತೆಂದು ಅತ್ತರು. ಇನ್ನೊಬ್ಬರು ಬೆಂಗಳೂರಿನ ಹೆಸರು ಬಂದರೆ ಭೂಮಿಗೆ ಬೆಲೆ ಬರುತ್ತದೆಂದು ನಕ್ಕರು. ಕನಕಪುರವೂ ಒಂದು ಕಾಲಕ್ಕೆ ಕಾನಕಾನಹಳ್ಳಿಯಾಗಿತ್ತು. ಹೆಸರು ಬದಲಾದಾಗ ಅರ್ಕಾವತಿಯಲ್ಲಿ ಒಂದು ಬೊಗಸೆ ನೀರೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಹೆಸರಿಗಾಗಿ ಮತ ಹಾಕುವವರನ್ನು ನಾನು ಬೈಯುವುದಿಲ್ಲ, ಅಭಿಮಾನ ದೊಡ್ಡದು. ಆದರೆ ಅಭಿಮಾನಕ್ಕೆ ಪಟ್ಟಿಯಲ್ಲಿ ಕೊನೆಯ ಸಾಲು ಸಾಕು.

ಅಕ್ಕ ನನ್ನ ಮಾತನ್ನು ಸುಲಭವಾಗಿ ಒಪ್ಪುವವಳಲ್ಲ. “ಹೊಳೆ ವಿಷ್ಯ ಕೇಳ್ತಾ ಕುಂತ್ರೆ ಆಯ್ತಾ? ನಮ್ಮೋರು ದೊಡ್ಡ ಕುರ್ಚೀಲಿ ಇದ್ರೆ ರಸ್ತೆ ಆಯ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ರೆ ಎರಡೇ ದಿನಕ್ಕೆ ಬತ್ತದೆ. ಬಸ್ಸು ಬಿಟ್ಟಿ ಆದ್ಮೇಲೆ ಕನಕಪುರದ ಆಸ್ಪತ್ರೆಗೆ ನಾನೇ ಒಬ್ಳೇ ಹೋಗ್ ಬತ್ತೀನಿ. ಮಗನ್ನ ದುಡ್ಡು ಕೇಳಂಗಿಲ್ಲ. ಇದ್ ನಿಂಗೆ ಸಣ್ಣದಾ?” ಎಂದಳು.

ಸಣ್ಣದಲ್ಲ. 2023ರ ಜೂನಿನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂದಾಗ ಪಟ್ಟಣದ ವಿದ್ಯಾವಂತರು ಎಷ್ಟು ನಕ್ಕರೆಂದು ನೆನಪಿದೆ. ಎಪ್ಪತ್ತು ದಾಟಿದ ಹೆಂಗಸು ಮಗನ ಮುಂದೆ ಕೈಚಾಚದೆ ಆಸ್ಪತ್ರೆಗೆ ಹೋಗುವುದು ಯಾವ ಆರ್ಥಿಕ ತತ್ತ್ವಕ್ಕಿಂತಲೂ ಕೆಳಗಿನದಲ್ಲ. ತನ್ನ ಜೀವನಕ್ಕೆ ಮುಟ್ಟಿದ ವಿಷಯವನ್ನು ತೂಗಿ ಓಟು ಹಾಕುವವಳು ನನ್ನ ಸ್ನೇಹಿತರಿಗಿಂತ ಹೆಚ್ಚು ವಿಚಾರವಂತಳೇ ಸರಿ.

ಆದರೆ “ನಮ್ಮೋರು ದೊಡ್ಡ ಕುರ್ಚೀಲಿ” ಎಂಬ ಮಾತಿಗೆ ನನ್ನ ಬಳಿ ಉತ್ತರವಿದೆ, ಮತ್ತು ಅದು ಕನಕಪುರದ್ದೇ. ಇಲ್ಲಿಗೆ ಸರಕಾರಿ ಮೆಡಿಕಲ್ ಕಾಲೇಜು ಎಂದು ತೀರ್ಮಾನವಾಗಿತ್ತು. 2019ರಲ್ಲಿ ಸರಕಾರ ಬದಲಾಯಿತು. ಕಾಲೇಜು ಚಿಕ್ಕಬಳ್ಳಾಪುರಕ್ಕೆ ಹೋಯಿತು. ಇಲ್ಲಿ ಕೂಗಾಡಿದರು, ಅಲ್ಲಿ ಹಾರ ಹಾಕಿದರು. ಚಿಕ್ಕಬಳ್ಳಾಪುರದ ರೋಗಿಯೂ ಮನುಷ್ಯನೇ. ಅವನಿಗೆ ಆಸ್ಪತ್ರೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಯುರಿಯಿಲ್ಲ. ಆದರೆ ಒಬ್ಬರ ಪ್ರಭಾವದಿಂದ ಬರುವುದು ಇನ್ನೊಬ್ಬರ ಪ್ರಭಾವದಿಂದ ಹೋಗುತ್ತದೆ. ನಿಯಮದಿಂದ ಬಂದದ್ದು ಮಾತ್ರ ನಿಲ್ಲುತ್ತದೆ. ಬಲಿಷ್ಠರನ್ನು ಆರಿಸಿದ ಊರಿಗೆ ರಸ್ತೆ, ಆರಿಸದ ಊರಿಗೆ ಹಳ್ಳ ಎಂಬ ಪದ್ಧತಿಯನ್ನು ಒಪ್ಪಿಕೊಂಡರೆ, ನಮ್ಮವರು ಕುರ್ಚಿಯಿಂದ ಇಳಿದ ದಿನ ನಮಗೂ ಹಳ್ಳವೇ ಗತಿ.

ಗುಣದ ಪ್ರಶ್ನೆಯನ್ನೂ ಬಿಡುವಂತಿಲ್ಲ. “ಪಕ್ಷ ಗಿಕ್ಷ ಬೇಡ, ಒಳ್ಳೆಯ ಮನುಷ್ಯನನ್ನು ನೋಡಿ ಓಟು ಹಾಕಿ” ಎನ್ನುವವರು ನಮ್ಮಲ್ಲಿ ಬಹಳ. ಮಾತು ಕೇಳಲು ಚೆಂದ. ಆದರೆ 1985ರಲ್ಲಿ ಪಕ್ಷಾಂತರ ನಿಷೇಧದ ಕಾನೂನು ಬಂದ ಮೇಲೆ ಪಕ್ಷ ಆಜ್ಞೆ ಹೊರಡಿಸಿದ ಕಡೆ ಸದಸ್ಯ ಕೈ ಎತ್ತಲೇಬೇಕು; ಇಲ್ಲವಾದರೆ ಸ್ಥಾನ ಹೋಗುತ್ತದೆ. ಒಳ್ಳೆಯ ಮನುಷ್ಯ ಕೆಟ್ಟ ಮಸೂದೆಗೂ ಕೈ ಎತ್ತುತ್ತಾನೆ. ಆದುದರಿಂದ ಕಾನೂನು, ತೆರಿಗೆ, ಭೂಮಿ ಇಂಥವಕ್ಕೆ ಪಕ್ಷವನ್ನು ನೋಡಬೇಕು. ಕ್ಷೇತ್ರದ ಕೆಲಸಕ್ಕೂ ಮಾತಿನ ನಂಬಿಕೆಗೂ ಮನುಷ್ಯನನ್ನು ನೋಡಬೇಕು. 2019ರಲ್ಲಿ ನಮ್ಮ ರಾಜ್ಯದ 17 ಮಂದಿ ಶಾಸಕರು ಅನರ್ಹರಾದರು. ಅವರಿಗೆ ಮತ ಹಾಕಿದವರಲ್ಲಿ ಪಕ್ಷ ನೋಡಿ ಹಾಕಿದವನೂ ಮೋಸಹೋದ, ಮನುಷ್ಯನನ್ನು ನೋಡಿ ಹಾಕಿದವನೂ ಮೋಸಹೋದ. ಇನ್ನು ಆಸ್ತಿ, ಸಾಲ, ಮೊಕದ್ದಮೆಗಳನ್ನು ಪ್ರತಿಯೊಬ್ಬ ಉಮೇದುವಾರನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿ, ಮರುವರ್ಷ ಮತ್ತೆ ಖಚಿತಪಡಿಸಿತು. ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ಎಳೆ ಎಣಿಸುವ ನಾವು ಆ ಕಾಗದವನ್ನು ಒಮ್ಮೆಯಾದರೂ ಓದಿದ್ದೇವೆಯೆ?

ಇಷ್ಟೆಲ್ಲ ಹೇಳಿದ ಮೇಲೆ, ನನಗೆ ನಿಜವಾಗಿ ಕೋಪ ಬರುವ ವಿಷಯ ಇನ್ನೊಂದಿದೆ. ಅದನ್ನು ಯಾವ ಹುರಿಯಾಳೂ ಎತ್ತುವುದಿಲ್ಲ, ಯಾವ ಮತದಾರನೂ ಕೇಳುವುದಿಲ್ಲ.

ನಮ್ಮ ಶಾಸಕರನ್ನು ನಾವು ಅಳೆಯುವುದು ಹೇಗೆ? ಮದುವೆಗೆ ಬಂದರೆ? ಬೀಗರೂಟಕ್ಕೆ ಬಂದರೆ? ತಿಥಿಯ ದಿನ ಐದು ನಿಮಿಷವಾದರೂ ಕೂತರೆ? ಚರಂಡಿ ಕಟ್ಟಿದರೆ ಅವರಿಗೆ ಫೋನು, ಬೀದಿ ದೀಪ ಕೆಟ್ಟರೆ ಅವರಿಗೆ ಫೋನು. ಕಾನೂನು ಮಾಡಲೆಂದು ಕಳಿಸಿದವರನ್ನು ಊರ ಪಟೇಲರನ್ನಾಗಿ ಮಾಡಿದ್ದೇವೆ. ಇದು ಬರಿಯ ಜನರ ತಪ್ಪಲ್ಲ. ಚರಂಡಿಯನ್ನು ಕೇಳಬೇಕಾದ ಕಡೆ ಕೇಳಲು ಯಾರೂ ಇಲ್ಲದಂತೆ ಮಾಡಿದ್ದಾರೆ.

ಕನಕಪುರದಿಂದ ಗೆದ್ದ ರಾಮಕೃಷ್ಣ ಹೆಗಡೆಯವರ ಸರಕಾರವೇ 1983ರಲ್ಲಿ ಜಿಲ್ಲಾ ಪರಿಷತ್ತಿನ ಕಾನೂನನ್ನು ರೂಪಿಸಿದ್ದು. ಅಬ್ದುಲ್ ನಜೀರ್ ಸಾಬರು ಅದಕ್ಕಾಗಿ ಜೀವ ತೇಯ್ದರು. 1987ರಲ್ಲಿ ಚುನಾವಣೆ ನಡೆದು ಜಿಲ್ಲೆಯ ಕೆಲಸ ಜಿಲ್ಲೆಯ ಜನರ ಕೈಗೆ ಬಂತು. ದೇಶವೇ ಇದನ್ನು ನೋಡಿತು. ಹತ್ತು ವರ್ಷ ಕಳೆಯುವುದರೊಳಗೆ, 1993ರಲ್ಲಿ, ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆ ನಡೆಯಲೇಬೇಕೆಂದಾಯಿತು. ಅಂಥ ಕರ್ನಾಟಕದಲ್ಲಿ 2016ರಲ್ಲಿ ಆರಿಸಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಒಂದು ಪಕ್ಷ ಅಧಿಕಾರದಲ್ಲಿದ್ದಾಗಲೂ ನಡೆಯಲಿಲ್ಲ, ಅದನ್ನು ಇಳಿಸಿ ಇನ್ನೊಂದು ಬಂದಾಗಲೂ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು, ಹೀಗೆ ಕಾರಣಗಳು ಸಾಲುಗಟ್ಟಿ ಬಂದವು. ಪಕ್ಷಗಳೆಲ್ಲ ಇಷ್ಟು ಸೌಹಾರ್ದದಿಂದ ನಡೆದುಕೊಂಡ ವಿಷಯ ಬೇರೊಂದಿಲ್ಲ.

ನನ್ನ ಸ್ನೇಹಿತರು ನಗಬಾರದು. ಅವರ ಬೆಂಗಳೂರಿನ ಮಹಾನಗರಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದು, 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಅಲ್ಲಿಂದಾಚೆಗೆ ವರ್ಷಗಟ್ಟಲೆ ಅವರ ಬೀದಿಗೆ ಒಬ್ಬ ಸದಸ್ಯನಿರಲಿಲ್ಲ; ಆಡಳಿತಾಧಿಕಾರಿ ಇದ್ದರು. ದೇಶದ ಪ್ರಶ್ನೆಯನ್ನು ರಾತ್ರಿ ಮೂರು ವಾಹಿನಿಯಲ್ಲಿ ನೋಡುವ ಮಹನೀಯರಿಗೆ ತಮ್ಮ ಬೀದಿಯ ಓಟು ಕಳುವಾದದ್ದೇ ತಿಳಿಯಲಿಲ್ಲ. ಮೇಲಿನವರ ಕೊಳೆ ಕೆಳಗಿನವರಿಗೆ ಹೋಗುತ್ತದೆಂದು ಕೇಳಲು ಮೇಲೆ ಪಾಲಿಕೆಯ ಸದಸ್ಯನಿರಲಿಲ್ಲ. ಆ ಕೊಳೆ ಬೇಡವೆನ್ನಲು ಕೆಳಗೆ ಜಿಲ್ಲಾ ಪಂಚಾಯಿತಿಯ ಸದಸ್ಯನಿರಲಿಲ್ಲ. ವೃಷಭಾವತಿಗೆ ಎರಡು ದಡ. ಎರಡೂ ದಡದಲ್ಲಿ ಕುರ್ಚಿ ಖಾಲಿಯಿತ್ತು.

ಆದುದರಿಂದ ಮುಂದಿನ ವಿಧಾನಸಭಾ ಚುನಾವಣೆಗೆ ನನ್ನ ಪಟ್ಟಿ ಹೀಗಿದೆ. ಮೊದಲನೆಯದು ಹೊಳೆ. ಎರಡನೆಯದು, ಸ್ಥಳೀಯ ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸುತ್ತೀರಾ, ನಡೆಸದಿದ್ದರೆ ಸಭೆಯಲ್ಲಿ ನಿಮ್ಮ ಪಕ್ಷವನ್ನೇ ಕೇಳುತ್ತೀರಾ ಎಂಬುದು. ಮೂರನೆಯದು, ಆನೆ ಬೆಳೆ ತುಳಿದಾಗಲೂ ಗೂಡಿನ ಬೆಲೆ ಬಿದ್ದಾಗಲೂ ಪರಿಹಾರ ಪ್ರಭಾವ ನೋಡಿ ಬರುತ್ತದೆಯೋ ನಿಯಮದ ಮೇಲೆ ಬರುತ್ತದೆಯೋ ಎಂಬುದು. ರೈಲು ಮತ್ತು ಮೇಕೆದಾಟನ್ನು ಪಾರ್ಲಿಮೆಂಟಿನ ಓಟಿಗೆ ಎತ್ತಿಟ್ಟಿದ್ದೇನೆ. ಪರವಾನಗಿ ಕೊಡಬೇಕಾದ ಕೇಂದ್ರದ ಇಲಾಖೆಗಳು ಇರುವುದು ಅಲ್ಲಿ. ಹೆಸರಿನ ಜಗಳ ಕೊನೆಯ ಸಾಲಿನಲ್ಲಿದೆ. ಇದು ನನ್ನ ಪಟ್ಟಿ. ಓದುಗರ ಪಟ್ಟಿ ಬೇರೆ ಇರಬಹುದು, ಇರಲಿ. ಪಟ್ಟಿಯೇ ಇಲ್ಲದೆ ಹೋಗಿ ಗುಂಡಿ ಒತ್ತಿ, ಆಮೇಲೆ ಐದು ವರ್ಷ ಜಗಲಿಯಲ್ಲಿ ಕೂತು ಜನರನ್ನು ಬೈಯುವುದು ಬೇಡ.

ಪಟ್ಟಿಯನ್ನು ಅಕ್ಕನಿಗೆ ಓದಿ ಹೇಳಿದೆ. ಸೊಪ್ಪಿನ ಬುಟ್ಟಿ ಕೆಳಗಿಟ್ಟು ಕೇಳಿದಳು. ಆಮೇಲೆ ಎಂದಳು: “ಎಲ್ಲಾ ಸರಿ ತಮ್ಮಯ್ಯ. ಅವ್ರು ಓಟ್ ಕೇಳಕ್ ಬಂದ ದಿನ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡೋ ಹೊತ್ತಾಗಿದ್ರೆ ನಾನ್ ಮಾತಾಡಕ್ಕಾಗಲ್ಲ. ಹೊಳೇದು ಒಂದನ್ನ ನನ್ ಹೆಸರಲ್ಲಿ ನೀನೇ ಕೇಳ್ಬಿಡು.”

ಕೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಜಯನಗರದ ಸ್ನೇಹಿತರು ಅದೇ ಪ್ರಶ್ನೆಯನ್ನು ತಮ್ಮ ಮನೆಯ ಬಾಗಿಲಿಗೆ ಬಂದವರನ್ನೂ ಕೇಳುವುದಾದರೆ, ಅವರು ಅಂದು ನಮ್ಮ ಜಗಲಿಯಲ್ಲಿ ಆಡಿದ ಮಾತನ್ನು ಅಂದೇ ಮರೆತುಬಿಡುತ್ತೇನೆ.